ಮೋರಿಸ್ ಕಾರಿನ ನಾಲ್ಕನೇ ಚಕ್ರ

ಹಳೇ ಕಾರುಗಳ ಸಂಘದವರು ಈ ವರ್ಷದ ವಾರ್ಷಿಕೋತ್ಸವದಲ್ಲಿ ಶಿವಾಜಿನಗರದ ಇಮಾಮ್ ಬೀಗೆ ಶಾಲು ಹೊದಿಸುತ್ತಾರಂತೆ. ಹೊದಿಸಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಸ್ಮರಣ ಸಂಚಿಕೆಗೆ ಆಕೆಯ ಜೀವನ ಪರಿಚಯ ಬರೆದುಕೊಡುವ ಕೆಲಸ, ಈ ಊರಿನಲ್ಲಿ ಇಷ್ಟೊಂದು ಜನ ಇರುವಾಗ, ನನ್ನ ತಲೆಗೇ ಬಂತು. "ಅವರ ಅಂಗಡೀಲಿ ಹದಿನೆಂಟು ವರ್ಷ ಇದ್ದೋರು ನೀವು, ಅಮರಪ್ಪನೋರೇ. ನೀವು ಬರೆದ್ರೇನೇ ಚೆಂದ. ಮೂರು ಪುಟ ಸಾಕು," ಎಂದರು ಸಂಘದ ಕಾರ್ಯದರ್ಶಿ ವಸಂತ್ ಸಾರ್.

ಹದಿನೆಂಟು ವರ್ಷ ಇದ್ದದ್ದು ನಿಜ. ಆದರೆ ಅದು ಆಕೆಯ ಅಂಗಡಿಯಲ್ಲ, ಆಕೆಯ ಗಂಡ ಮುನೀರ್ ಉಸ್ತಾದರ ಅಂಗಡಿ. ಈ ವ್ಯತ್ಯಾಸ ಈಗ ಯಾರಿಗೂ ಬೇಡವಾಗಿದೆ. ನನಗೆ ಬೇಕು. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಇಮಾಮ್ ಬೀಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಉಂಡ ಅನ್ನ ಮೈಗೆ ಹತ್ತದಂಥದ್ದು. ಹೊಗಳಿಕೆ ಮಾತ್ರ ಬೇಕಿದ್ದವರು ಬೇರೆ ಯಾರ ಕೈಯಲ್ಲಾದರೂ ಬರೆಸಿಕೊಳ್ಳಬಹುದಿತ್ತು.

ನಾನು ಲಿಂಗಸುಗೂರಿನ ಕಡೆಯವನು. ಇಪ್ಪತ್ತೆರಡನೇ ವಯಸ್ಸಿಗೆ ಹೆಂಡತಿ ಮಾನಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಬಂದೆ. ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಉಸ್ತಾದರ ಅಂಗಡಿಗೆ ಸೇರಿಕೊಂಡೆ. ಹಳೇ ಕಾರುಗಳ ಚಕ್ರದ ಕೆಲಸ ಅದು. ಡೊಂಕಾದ ರಿಮ್ಮು ನೆಟ್ಟಗೆ ಮಾಡುವುದು, ಸೀಳಿದ್ದಕ್ಕೆ ಬದಲಿ ಹುಡುಕುವುದು. ಚಕ್ರವೆಂದರೆ ದುಂಡಗಿದ್ದರೆ ಸಾಕು ಎಂದು ತಿಳಿದವರಿಗೆ ಈ ಹುಡುಕಾಟದ ಕಷ್ಟ ಗೊತ್ತಾಗುವುದಿಲ್ಲ. ಕಾರಿನ ಕಡೆಯಿಂದ ನಾಲ್ಕೋ ಐದೋ ಸ್ಟಡ್ಡುಗಳು ಹೊರಗೆ ಚಾಚಿಕೊಂಡಿರುತ್ತವೆ. ರಿಮ್ಮಿನ ತೂತುಗಳು ಅವುಗಳ ಮೇಲೆ ಸರಿಯಾಗಿ ಬಂದು ಕೂರಬೇಕು. ಒಂದೊಂದು ಕಂಪನಿಯದು ಒಂದೊಂದು ಅಳತೆ. ಕಂಪನಿಯೇ ಮುಚ್ಚಿ ನಲವತ್ತು ವರ್ಷವಾದ ಮೇಲೆ ಆ ಅಳತೆಯ ರಿಮ್ಮು ಎಲ್ಲಿಂದ ತರುತ್ತೀರಿ?

ಉಸ್ತಾದರು ತರುತ್ತಿದ್ದರು. ಅವರ ಗುಟ್ಟು ಗೋಡೆಯ ಮೊಳೆಗೆ ನೇತುಹಾಕಿದ್ದ ನಲವತ್ತಮೂರು ಎಕ್ಸ್‌ರೇ ಹಾಳೆಗಳಲ್ಲಿತ್ತು. ಪರಿಚಯದ ಲ್ಯಾಬಿನವರು, ರೋಗಿಗಳು ಒಯ್ಯದೆ ಬಿಟ್ಟ ಎಕ್ಸ್‌ರೇಗಳನ್ನು ಕೊಡುತ್ತಿದ್ದರು. ಒಂದೊಂದು ಹಾಳೆಯಲ್ಲಿ ಒಂದೊಂದು ಕಾರಿನ ಸ್ಟಡ್ಡಿನ ತೂತುಗಳು, ಕೂದಲೆಳೆ ಆಚೀಚೆ ಇಲ್ಲದಂತೆ ಕತ್ತರಿಸಿದ್ದವು. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗುಜರಿಯೆಲ್ಲ ಸುತ್ತಿ, ರಾಶಿಯಲ್ಲಿ ಬಿದ್ದ ರಿಮ್ಮಿನ ಮೇಲೆ ಹಾಸಿ ನೋಡಿದರೆ ಮುಗಿಯಿತು. ರಿಮ್ಮು ಯಾವ ಕಾರಿನದಾದರೂ ಆಗಿರಲಿ, ತೂತಿಗೆ ತೂತು ಕೂತರೆ ನಮ್ಮದು. ಅಂಬಾಸಡರ್ ಎಂದರೆ ಯಾರದೋ ಮಂಡಿ, ಫಿಯಟ್ ಎಂದರೆ ಇನ್ಯಾರದೋ ಎದೆಗೂಡು. ಮೋರಿಸ್ ಮೈನರ್ ಎಂದರೆ ಒಂದು ಕೈ. ಆ ಕೈಯ ಮಣಿಕಟ್ಟಿನ ಮೂಳೆ ಸೀಳಿತ್ತು, ಕಳಚಲಾಗದೆ ಉಳಿದ ಒಂದು ಬಳೆ ಬೆಳ್ಳಗೆ ಕಾಣುತ್ತಿತ್ತು. ಹದಿನೆಂಟು ವರ್ಷ ದಿನಾ ನೋಡಿದ ಕೈ ಅದು. ಯಾರದೆಂದು ಒಮ್ಮೆಯೂ ಕೇಳಲಿಲ್ಲ.

ಹೊಸ ಅಳತೆ ಸಿಕ್ಕರೆ ಉಸ್ತಾದರು ರಿಮ್ಮನ್ನು ಹೆಗಲ ಮೇಲೆ ಹೊತ್ತು ಮಹಡಿಯ ಮನೆಗೆ ಒಯ್ಯುತ್ತಿದ್ದರು. ಮಾರನೇ ದಿನ ಹಾಳೆ ಹಿಡಿದು ಇಳಿದು ಬರುತ್ತಿದ್ದರು. ಗಲಾಟೆಯಿಲ್ಲದೆ ಕೂತು ಕತ್ತರಿಸಲು ಮೇಲೆ ಹೋಗುತ್ತಾರೆ ಎಂದುಕೊಂಡಿದ್ದೆ. ಅವರ ಹೆಂಡತಿ ಇಮಾಮ್ ಬೀಯನ್ನು ನಾವು ಭಾಬಿ ಎನ್ನುತ್ತಿದ್ದೆವು. ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದರು. ಮಧ್ಯಾಹ್ನ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಖಿಚಡಿ ಇಳಿಸುತ್ತಿದ್ದರು. ಆ ಬುಟ್ಟಿಗಿಂತ ಹೆಚ್ಚಿಗೆ ನಾನು ಅವರ ಬಗ್ಗೆ ಯೋಚಿಸಿದ್ದೇ ಇಲ್ಲ.

ಉಸ್ತಾದರು ನನಗೆ ಕಲಿಸಿದ ಮೊದಲ ಪಾಠ ಇದು. "ನಟ್ಟು ಕೊನೇವರೆಗೂ ಬೆರಳಲ್ಲೇ ಹೋಗ್ಬೇಕು, ಅಮರಪ್ಪಾ. ಪಾನಾ ಹಿಡಿಯೋದು ಕಟ್ಟಕಡೇಗೆ. ಬೆರಳಿಗೆ ಭಾರ ಅಂದ್ರೆ ಬಿಚ್ಚು, ಮತ್ತೆ ನೋಡು." ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಕೋವಿಡ್ಡಿನ ಎರಡನೇ ಅಲೆಯಲ್ಲಿ ಉಸ್ತಾದರು ತೀರಿಕೊಂಡರು. ಭಾಬಿ ಇದ್ದತ್ತಿಗೆ ಕೂತರು. ಗಂಡ ಹೋದ ಮೇಲೆ ಅವರಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ. ಆ ನಾಲ್ಕು ತಿಂಗಳು ಹತ್ತು ದಿನ ಅಂಗಡಿ ನಡೆಸಿದವನು ನಾನು. ಉಸ್ತಾದರ ಸ್ಟೂಲಿನ ಮೇಲೆ ನಾನೇ ಕೂತೆ. ಮೊದಮೊದಲು ಮುಜುಗರವಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಗಿರಾಕಿಗಳು "ಉಸ್ತಾದ್" ಎಂದು ಕೂಗಿದರೆ ತಿರುಗಿ ನೋಡತೊಡಗಿದೆ. ಆ ವಯಸ್ಸಾದ ಹೆಂಗಸು ಅಂಗಡಿ ಇಟ್ಟುಕೊಂಡು ಏನು ಮಾಡುತ್ತಾರೆ, ನನಗೇ ನಡೆಸಿಕೊಂಡು ಹೋಗು ಅನ್ನುತ್ತಾರೆ ಎಂದು ನಾನೂ ಮಾನಮ್ಮನೂ ಮಾತಾಡಿಕೊಂಡಿದ್ದೆವು.

ಇದ್ದತ್ ಮುಗಿದ ಮಾರನೇ ಬೆಳಗ್ಗೆ ಭಾಬಿ ಮೆಟ್ಟಿಲಿಳಿದು ಬಂದರು. ಕುತ್ತಿಗೆಯಲ್ಲಿ ಟೈಲರ್ ಟೇಪು. ಅಂಗಡಿಯನ್ನೊಮ್ಮೆ ನೋಡಿ, "ಅಮರಪ್ಪಾ, ಸ್ವಲ್ಪ ಆಚೆ ಸರ್ಕೋ," ಎಂದರು. ನಾನು ಸರಿದೆ. ಅವರು ಸ್ಟೂಲಿನ ಮೇಲೆ ಕೂತರು. ಅಷ್ಟೇ ನಡೆದದ್ದು. ಬೈದಿದ್ದರೆ ಮರೆಯುತ್ತಿದ್ದೆ. ಆ ಸರ್ಕೋ ಎಂಬ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಜೀವಮಾನದಲ್ಲಿ ಒಂದು ನಟ್ಟೂ ಬಿಚ್ಚದವರು ಸ್ಟೂಲಿನ ಮೇಲೆ ಕೂತು ನನಗೆ ಅಳತೆ ಹೇಳತೊಡಗಿದರು. ಕೆಟ್ಟ ವಿಷಯವೆಂದರೆ ಅಳತೆ ಸರಿಯಾಗಿರುತ್ತಿತ್ತು. ದೂರದಿಂದಲೇ ರಿಮ್ಮು ನೋಡಿ, "ಅದು ಬೇಡ, ನಡು ತೂತು ದೊಡ್ಡದು," ಎನ್ನುತ್ತಿದ್ದರು. ನಾನು ಹಾಳೆ ಹಾಸಿ ನೋಡಿದರೆ ಹಾಗೇ ಇರುತ್ತಿತ್ತು. ಉಸ್ತಾದರು ಬದುಕಿದ್ದಾಗ ಹೇಳಿಕೊಟ್ಟಿರಬೇಕು, ನನಗೆ ಹೇಳಿಕೊಡದೆ ಹೆಂಡತಿಗೆ ಹೇಳಿಕೊಟ್ಟಿದ್ದಾರೆ ಎಂದು ಸತ್ತವರ ಮೇಲೂ ನನಗೆ ಸಿಟ್ಟು ಬಂತು. ಒಂದು ತಿಂಗಳು ಸಹಿಸಿದೆ. ಗೋಡೆಯ ಹಾಳೆಗಳ ಮೂಲೆಯಲ್ಲಿ ಬರೆದಿದ್ದ ಅಂಕಿಗಳನ್ನೆಲ್ಲ ಕದ್ದು ಡೈರಿಗೆ ಇಳಿಸಿಕೊಂಡು ಕೆಲಸ ಬಿಟ್ಟೆ. ಹೊರಡುವ ದಿನ ಅಂಗಡಿ ಮುಂದೆ ನಿಲ್ಲಿಸಿದ್ದ 'ನೋ ಪಾರ್ಕಿಂಗ್' ಕಂಬವನ್ನೂ ಎತ್ತಿಕೊಂಡು ಬಂದೆ. ಹಳೇ ರಿಮ್ಮೊಂದರ ಮೇಲೆ ಪ್ಲೇಟು ಬೋಲ್ಟ್ ಮಾಡಿ ಪೈಪು ನಿಲ್ಲಿಸಿದ್ದು ಅದು, ಶಿವಾಜಿನಗರದಲ್ಲಿ ಎರಡು ಅಂಗಡಿಗೊಂದು ಇರುತ್ತದೆ. ಹದಿನೆಂಟು ವರ್ಷ ದುಡಿದವನಿಗೆ ಅಷ್ಟೂ ಹಕ್ಕಿಲ್ಲವೇ ಎಂದುಕೊಂಡೆ. ಆಟೋದಲ್ಲಿ ಕಾಲ ಬಳಿ ಇಟ್ಟುಕೊಂಡು ಬರುವಾಗ ಎದೆ ಹಗುರವಾಗಿತ್ತು.

ರಾಮಮೂರ್ತಿ ನಗರದಲ್ಲಿ ಅಂಗಡಿ ತೆರೆದೆ. ಕಂಬಕ್ಕಿದ್ದ ನೋ ಪಾರ್ಕಿಂಗ್ ಕಿತ್ತು, 'ಅಮರಪ್ಪ ವೀಲ್ ವರ್ಕ್ಸ್' ಎಂಬ ಬೋರ್ಡು ಹಾಕಿದೆ. ಬಂದವರು ಮಾತ್ರ ಕ್ಯಾಬಿನವರು, ಪಂಕ್ಚರಿನವರು. ಅತ್ತ ಶಿವಾಜಿನಗರಕ್ಕೆ ದೊಡ್ಡ ದೊಡ್ಡ ಹಳೇ ಕಾರುಗಳು ಹೋಗುತ್ತಲೇ ಇದ್ದವು. ಒಂದು ದಿನ ಪೇಪರಿನಲ್ಲಿ ಭಾಬಿಯ ಫೋಟೋ ಬಂತು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಪಾನಾ. ಮಾನಮ್ಮ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಓದಿದಳು. ನಾನು ಊಟದ ತಟ್ಟೆ ಬಿಟ್ಟು ಎದ್ದೆ.

"ನೀವೂ ತಲಿ ಮ್ಯಾಲ ಸೆರಗ ಹಾಕ್ಕೊಂಡು ಕೂಡ್ರಿ, ನಿಮ್ದೂ ಫೋಟೋ ಬರ್ತದ," ಎಂದಳು.

ಹೀಗೆ ಮೂರು ವರ್ಷ ಕಳೆದ ಮೇಲೆ ವಸಂತ್ ಸಾರ್ ನನ್ನ ಅಂಗಡಿ ಹುಡುಕಿಕೊಂಡು ಬಂದರು. ಇಂದಿರಾನಗರದವರು, ರಿಟೈರ್ ಆದವರು, ಉಸ್ತಾದರ ಹಳೇ ಗಿರಾಕಿ. ಅವರ ತಂದೆ ಕೊಂಡಿದ್ದ ಕೆನೆ ಬಣ್ಣದ ಮೋರಿಸ್ ಮೈನರ್ ಇನ್ನೂ ಓಡುತ್ತಿತ್ತು. ಐವತ್ತು ವರ್ಷದ ಹಿಂದೆ ಹಲಸೂರಿನ ಕಲ್ಯಾಣ ಮಂಟಪದಿಂದ ಹೆಂಡತಿ ನಾಗರತ್ನಾ ಅವರನ್ನು ಮನೆಗೆ ಕರೆತಂದದ್ದು ಅದೇ ಕಾರಿನಲ್ಲಿ. ಮದುವೆಯ ಐವತ್ತನೇ ವರ್ಷದ ದಿನ ಅದರಲ್ಲೇ ಕೂರಿಸಿಕೊಂಡು ಕೆ.ಆರ್.ಪುರದ ಅವರ ತವರಿಗೆ ಹೋಗಬೇಕೆಂಬ ಆಸೆ. ಆದರೆ ನಾಲ್ಕು ರಿಮ್ಮೂ ತುಕ್ಕು ತಿಂದು, ತೂತಿಂದ ತೂತಿಗೆ ಸೀಳು ಬಿಟ್ಟಿದ್ದವು.

"ಭಾಬಿ ಹತ್ರ ಹೋಗ್ಲಿಲ್ವಾ ಸಾರ್?" ಎಂದೆ, ಗೊತ್ತಿಲ್ಲದವನಂತೆ.

"ಹೋಗಿ ಮೂರು ತಿಂಗಳಾಯ್ತು. ಮೂರು ನಾನು ಹುಡುಕ್ತೀನಿ, ನಾಲ್ಕನೇದು ಒಬ್ಬರ ಹತ್ರ ಇದೆ, ಅವರಾಗೇ ತಂದ್ಕೊಡೋವರೆಗೂ ಕಾಯ್ಬೇಕು ಅಂದ್ರು. ಯಾರು ಅಂದ್ರೆ ಹೇಳಲ್ಲ. ಇನ್ನು ಹನ್ನೆರಡೇ ದಿನ ಇರೋದು."

"ಹತ್ತು ದಿನ ಕೊಡಿ ಸಾರ್," ಎಂದುಬಿಟ್ಟೆ.

ನನ್ನ ಹೊಟ್ಟೆ ಉರಿದದ್ದು ಆ ಒಬ್ಬರು ಎಂಬ ಮಾತಿಗೆ. ಯಾರವನು? ಭಾಬಿ ತಿಂಗಳುಗಟ್ಟಲೆ ಕಾಯುವಷ್ಟು ದೊಡ್ಡ ಮನುಷ್ಯ? ಹದಿನೆಂಟು ವರ್ಷ ಇದ್ದ ನನಗಾಗಿ ಹದಿನೆಂಟು ನಿಮಿಷ ಕಾಯದವರು, ಅವನಿಗಾಗಿ ಕಾಯುತ್ತಿದ್ದಾರೆ. ಅವನನ್ನು ಹುಡುಕಿ, ಆ ನಾಲ್ಕನೇ ರಿಮ್ಮನ್ನು ಅವನ ಕೈಯಿಂದ ನಾನೇ ಕಿತ್ತುಕೊಳ್ಳಬೇಕೆಂದು ಎರಡು ದಿನ ಗುಜರಿ ಅಲೆದೆ. ಮೋರಿಸ್ ರಿಮ್ಮು ಯಾರ ಹತ್ತಿರ ಇದೆ ಎಂದು ಕಂಡಕಂಡವರನ್ನು ಕೇಳಿದೆ. ನಮ್ಮ ಹಳೇ ಗಲ್ಲಿಯ ಟೀ ಅಂಗಡಿಯ ಆಸಿಮ್ ನಕ್ಕುಬಿಟ್ಟ. "ನಿನಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ ಗುರು," ಎಂದ. ಅವನು ನನ್ನನ್ನು ಹೊಗಳಿದ ಎಂದುಕೊಂಡು ಬಂದೆ.

ಅಸಲಿ ಸಿಗಲಿಲ್ಲ. ಹಾಗಾದರೆ ಹೊಂದುವಂಥದ್ದನ್ನು ತರೋಣವೆಂದು ಕೆ.ಆರ್.ಪುರದಾಚೆಯ ಒಂದು ಗುಜರಿ ಯಾರ್ಡಿಗೆ ಹೋದೆ. ಡೈರಿಯಲ್ಲಿ ಮೋರಿಸ್ ಎದುರಿಗೆ 'ನಾಲ್ಕು ಸ್ಟಡ್, ನಾಲ್ಕು ಇಂಚು' ಎಂದಿತ್ತು. ಎದುರುಬದುರು ಸ್ಟಡ್ಡುಗಳ ನಡುವಿನ ಅಳತೆ ಅದು. ಈಗಿನ ಕಾರುಗಳದು ಇಂಚಲ್ಲ, ಮಿಲಿಮೀಟರು. "ನೂರು ಬೇಕಾ, ನೂರಾ ಹದಿನಾಲ್ಕು ಬೇಕಾ?" ಎಂದು ಯಾರ್ಡಿನವನು ಕೇಳಿದ. ನಾಲ್ಕಿಂಚು ಎಂದರೆ ನೂರು. ಪೈಪಿನವರು ಹಾಗೇ ಅನ್ನುತ್ತಾರೆ, ಮರದ ಅಡ್ಡೆಯವರು ಹಾಗೇ ಅನ್ನುತ್ತಾರೆ, ಕಬ್ಬಿಣದ ಕೆಲಸ ಮಾಡುವ ನಮ್ಮಂಥವರ ಬಾಯಲ್ಲೂ ಅದೇ ಇದೆ. ನಾನೂ ನೂರು ಎಂದೆ. ಎರಡು ನಿಮಿಷದಲ್ಲಿ ಒಂದೇ ಥರದ ನಾಲ್ಕು ರಿಮ್ಮು ಸಿಕ್ಕವು. ಇಷ್ಟು ಸುಲಭಕ್ಕೆ ಆಕೆ ಮೂರು ತಿಂಗಳು ತಗೊಂಡರಾ ಎಂದು ಬರುವ ದಾರಿಯಲ್ಲೆಲ್ಲ ಒಬ್ಬನೇ ನಗುತ್ತಿದ್ದೆ.

ಬಣ್ಣ ಹೊಡೆದು, ಟಯರು ಏರಿಸಿ, ಶುಕ್ರವಾರ ಕಾರಿಗೆ ಹಾಕಿದೆ. ರಿಮ್ಮು ಸ್ಟಡ್ಡಿನ ಮೇಲೆ ಕೂತಿತು. ನಟ್ಟು ಬೆರಳಲ್ಲಿ ಮೂರು ಸುತ್ತು ಹೋಗಿ ನಿಂತಿತು. ಭಾರ. ಒಂದು ಕ್ಷಣ ನನ್ನ ಕೈಯೂ ನಿಂತಿತು. ಕೈಗೆ ಗೊತ್ತಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಕಾರಲ್ಲ, ಪೇಪರಿನ ಆ ಫೋಟೋ. ಪಾನಾ ತಗೊಂಡು ಮೈಭಾರ ಬಿಟ್ಟು ತಿರುಗಿಸಿದೆ. ಹದಿನಾರು ನಟ್ಟೂ ಹಾಗೇ ಬಿಗಿದೆ.

ಮದುವೆಯ ಐವತ್ತನೇ ವರ್ಷದ ದಿನ ಭಾನುವಾರ. ಶನಿವಾರವೇ ನಾನು ವಸಂತ್ ಸಾರಿಗೆ, "ಒಂದು ಟ್ರಯಲ್ ನೋಡೋಣ ಸಾರ್, ಶಿವಾಜಿನಗರದ ಕಡೆ ಹೋಗೋಣ," ಎಂದೆ. ಟ್ರಯಲ್ಲೂ ಇಲ್ಲ, ಏನೂ ಇಲ್ಲ. ಆಕೆಗೆ ತೋರಿಸಬೇಕಿತ್ತು. ಪಕ್ಕದ ಸೀಟಿನಲ್ಲಿ ಕೂತು, ಸರಿಯಾಗಿ ಆ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದೆ.

ಭಾಬಿ ಸ್ಟೂಲಿನಿಂದ ಎದ್ದು ಬಂದರು. ನನ್ನನ್ನು ನೋಡಿ, "ಆಯಾ ಕ್ಯಾ, ಬಂದ್ಯಾ ಅಮರಪ್ಪಾ, ಮಾನಮ್ಮ ಚೆನ್ನಾಗಿದಾಳಾ?" ಎಂದು ಕೇಳಿ, ಮುಂದಿನ ಚಕ್ರದ ಹತ್ತಿರ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ನಟ್ಟಿನ ಸುತ್ತ ಬೆರಳಾಡಿಸಿದರು. ಅವರ ಮುಖದಲ್ಲಿ ಮೆಚ್ಚುಗೆ ಹುಡುಕುತ್ತಾ ನಿಂತಿದ್ದೆ.

"ವಸಂತ್ ಸಾರ್, ಟೀ ಕುಡೀರಿ. ಅಮರಪ್ಪಾ, ಒಂದು ನಟ್ಟು ಬಿಚ್ಚು, ನೋಡೋಣ," ಎಂದರು ಮೆಲ್ಲಗೆ.

"ಬಿಚ್ಚೋದೇನಿದೆ ಭಾಬಿ? ಸರಿಯಾಗೇ ಕೂತಿದೆ."

"ಒಂದೇ ಒಂದು."

"ನಿಮ್ಮ ಮೂರು ತಿಂಗಳ ಕೆಲಸ ಹತ್ತು ದಿನಕ್ಕೆ ಮುಗಿಸಿಬಿಟ್ನಲ್ಲ, ಅದಕ್ಕೆ ಹೊಟ್ಟೆಕಿಚ್ಚು ನಿಮಗೆ," ಎಂದೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಕೇಳುವಂತೆಯೇ ಅಂದೆ. ಹೇಳಿದವನು ಯಾರು, ಯಾರಿಗೆ ಹೇಳಿದ ಎಂದು ಈಗ ನೆನೆಸಿಕೊಂಡರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಭಾಬಿ ಮಂಡಿ ಹಿಡಿದುಕೊಂಡು ಎದ್ದು ಸ್ಟೂಲಿನ ಕಡೆ ಹೋದರು. ನಾನು ವಸಂತ್ ಸಾರಿಗೆ, "ನಡೀರಿ ಸಾರ್," ಎಂದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆದು ಬೋರ್ಡಿನ ಕಂಬ ಹೊರಗಿಡುತ್ತಿದ್ದೆ. ಆಟೋ ಬಂದು ನಿಂತಿತು. ಭಾಬಿ. ಕೈಯಲ್ಲಿ ಸುರುಳಿ ಸುತ್ತಿದ ಎಕ್ಸ್‌ರೇ. ಕೆಳಗಿಳಿಯಲೂ ಇಲ್ಲ.

"ನಿನ್ನೆ ನಟ್ಟಿನ ಬುಡ ನೋಡ್ದೆ. ಸರಿಯಾಗಿ ಕೂತಿದ್ರೆ ಸುತ್ತಲೂ ಬಣ್ಣ ಹೋಗಿ ಪೂರ್ತಿ ಬಳೆ ಕಾಣ್ಬೇಕು. ನಿಂದು ಅರ್ಧ ಬಳೆ ಇತ್ತು, ಒಂದೇ ಕಡೆ ಉಜ್ಜಿತ್ತು. ಗಿರಾಕಿ ಮುಂದೆ ಬೇಡ, ಸಾಯಂಕಾಲ ನೀನಾಗೇ ಬಿಚ್ಚಿ ನೋಡ್ತೀಯಾ ಅಂದ್ಕೊಂಡೆ. ನೋಡಿದ್ಯಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

"ಬೆಳಗ್ಗೆಯಿಂದ ವಸಂತ್ ಸಾರಿಗೆ ಫೋನ್ ಮಾಡ್ತಿದೀನಿ, ಎತ್ತುತ್ತಿಲ್ಲ. ಅವರ ಮನೆ ನಂಗೊತ್ತಿಲ್ಲ, ನಿಂಗೊತ್ತು. ಹತ್ತು ಬೇಗ."

ಆಗ ಬೆರಳಿಗೆ ಆ ಭಾರ ಮತ್ತೆ ಬಂತು. ಅಂಗಡಿ ಬಾಗಿಲು ಹಾಗೇ ಬಿಟ್ಟು ಹತ್ತಿದೆ. ಆಟೋದಲ್ಲಿ ನಾನೂ ಫೋನ್ ಮಾಡಿದೆ, ಎತ್ತಲಿಲ್ಲ. ಸಾರ್ ಕಾರು ಓಡಿಸುವಾಗ ಫೋನ್ ಮುಟ್ಟುವುದಿಲ್ಲ, ಅಂದರೆ ಹೊರಟುಬಿಟ್ಟಿದ್ದಾರೆ. ಓಲ್ಡ್ ಮದ್ರಾಸ್ ರಸ್ತೆಗೆ ಬಂದು, ಎದುರಿಂದ ಬರುವ ಒಂದೊಂದೇ ಗಾಡಿ ನೋಡುತ್ತಾ ಹೋದೆವು. ಆ ದಾರಿ ಕೆ.ಆರ್.ಪುರದ ತೂಗು ಸೇತುವೆಗೆ ಹೋಗುತ್ತದೆ. ಅಲ್ಲಿ ಲಾರಿಗಳು ಹೇಗೆ ಓಡುತ್ತವೆಂದು ನಿಮಗೆ ಹೇಳಬೇಕಿಲ್ಲ. ನಾಗರತ್ನಮ್ಮನವರು ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿತು. ಇನ್ನೂ ಬೇಗ ಹೋಗಪ್ಪಾ ಎಂದು ಆಟೋದವನ ಬೆನ್ನು ತಟ್ಟಿದೆ.

ಟಿನ್ ಫ್ಯಾಕ್ಟರಿಯ ಹತ್ತಿರ, ಎದುರು ಬದಿಯಲ್ಲಿ, ಕೆನೆ ಬಣ್ಣ ಕಂಡಿತು. ಕಾರು ರಸ್ತೆಯಂಚಿಗೆ ನಿಂತಿತ್ತು. ಗಾಡಿಗಳ ನಡುವೆ ನುಗ್ಗಿಕೊಂಡು ಓಡಿದೆ. ಇಬ್ಬರೂ ಚೆನ್ನಾಗಿದ್ದರು. "ಏನೋ ಟಕ್ ಟಕ್ ಅಂತಿತ್ತಪ್ಪ, ಇವಳು ನಿಲ್ಲಿಸಿ ಅಂತ ಹಟ ಮಾಡಿದ್ಳು," ಎಂದರು ವಸಂತ್ ಸಾರ್. ಮುಂದಿನ ಎಡ ಚಕ್ರದಲ್ಲಿ ಒಂದು ನಟ್ಟು ಇರಲೇ ಇಲ್ಲ, ಎರಡು ಸಡಿಲವಾಗಿ ಆಡುತ್ತಿದ್ದವು, ನಾಲ್ಕನೆಯದು ಸೊಟ್ಟಗೆ ಸಿಕ್ಕಿಕೊಂಡು ಚಕ್ರವನ್ನು ಹಿಡಿದುಕೊಂಡಿತ್ತು. ಸೇತುವೆಗೆ ಐದೇ ನಿಮಿಷದ ದಾರಿ ಉಳಿದಿತ್ತು.

ಭಾಬಿ ರಸ್ತೆ ದಾಟಿ ಬರುವಷ್ಟರಲ್ಲಿ ನಾನು ಚಕ್ರ ಕಳಚಿದ್ದೆ. ಅವರು ಎಕ್ಸ್‌ರೇ ಬಿಡಿಸಿ ಕಾರಿನ ಸ್ಟಡ್ಡುಗಳ ಮೇಲೆ ಇಟ್ಟರು. ನಾಲ್ಕೂ ಸದ್ದಿಲ್ಲದೆ ಹೊರಗೆ ಬಂದವು. ಅದೇ ಹಾಳೆಯನ್ನು ನನ್ನ ರಿಮ್ಮಿನ ಮೇಲೆ ಹಾಸಿದರು. ಪ್ರತಿ ತೂತಿನ ಅಂಚಿನಲ್ಲೂ ಉಗುರಿನ ತುದಿಯಷ್ಟು ಕಬ್ಬಿಣ ಇಣುಕುತ್ತಿತ್ತು.

"ಯಾರ ತಪ್ಪಮ್ಮ ಇದು?" ಎಂದರು ನಾಗರತ್ನಮ್ಮ.

ನನ್ನ ಮಾನ ಉಳಿಸುತ್ತಾರೆ, ಏನಾದರೂ ಹೇಳಿ ಮುಚ್ಚಿಹಾಕುತ್ತಾರೆ ಎಂದು ಕಾದೆ. ಭಾಬಿ ನನ್ನ ಕಡೆ ಬೆರಳು ಮಾಡಿದರು.

"ಇವನ ತಪ್ಪು. ನಾಲ್ಕಿಂಚು ಅಂದ್ರೆ ನೂರು ಅಂದ್ಕೊಂಡಿದಾನೆ. ನೂರಾ ಒಂದೂವರೆ ಮಿಲಿಗಿಂತ ಚೂರು ಜಾಸ್ತಿ ಅದು. ಬಟ್ಟೆ ಆಗಿದ್ರೆ ಎಳ್ಕೊಳ್ತಿತ್ತು. ಇದು ಕಬ್ಬಿಣ." ಆಮೇಲೆ ವಸಂತ್ ಸಾರಿಗೆ, "ಕೆಲಸ ಗೊತ್ತಿರೋನೇ ಸಾರ್. ನಿನ್ನೆ ನಾನೂ ನಿಮ್ಮ ಮುಂದೆ ಬಾಯಿ ಬಿಡ್ಬೇಕಿತ್ತು, ಬಿಡ್ಲಿಲ್ಲ. ಅಷ್ಟು ನನ್ನ ತಪ್ಪು," ಎಂದರು.

ನಾನು ತಲೆ ತಗ್ಗಿಸಿ ಹಾಳೆಯನ್ನೇ ನೋಡುತ್ತಿದ್ದೆ. ಬೆಳಗಿನ ಬಿಸಿಲು ಅದರ ಹಿಂದಿನಿಂದ ಬೀಳುತ್ತಿತ್ತು. ಮೂಳೆಯ ಕೈ, ಸೀಳಿದ ಮಣಿಕಟ್ಟು, ಬಳೆ. ಅದನ್ನು ಹಿಡಿದಿದ್ದ ಭಾಬಿಯ ಕೈಯೂ ಅಲ್ಲೇ ಇತ್ತು. ಮಣಿಕಟ್ಟು ಸ್ವಲ್ಪ ಸೊಟ್ಟ. ಮಾಂಸದೊಳಗೆ ಹೂತುಹೋದ ಬೆಳ್ಳಿ ಬಳೆ.

"ಭಾಬಿ, ಇದು ಉಸ್ತಾದ್ ಕತ್ತರಿಸಿದ್ದಲ್ವಾ?"

"ಅವರಿಗೆ ಕತ್ತರಿ ಹಿಡಿಯೋಕ್ ಬರ್ತಿತ್ತಾ?" ಎಂದು ನಕ್ಕರು.

ನಾಗರತ್ನಮ್ಮನವರನ್ನೂ ಸಾರನ್ನೂ ಆಟೋ ಹತ್ತಿಸಿ ತವರಿಗೆ ಕಳಿಸಿದೆವು. ಕಾರನ್ನು ಎಳೆದೊಯ್ಯುವ ಗಾಡಿ ಬರುವವರೆಗೆ ಫುಟ್‌ಪಾತಿನ ಮೇಲೆ ಕೂತು ಭಾಬಿ ಹೇಳಿದ್ದಿಷ್ಟು. ಫ್ರೇಜರ್ ಟೌನಿನ ಟೈಲರ್ ಮಗಳು, ಹತ್ತು ವರ್ಷಕ್ಕೇ ಬ್ಲೌಸಿನ ಕಂಕುಳ ಕತ್ತರಿಸುತ್ತಿದ್ದವರು. ಹದಿನೆಂಟಕ್ಕೆ ಮದುವೆ. ಉಸ್ತಾದರು ಆಗ ರಟ್ಟಿನಲ್ಲಿ ಅಳತೆ ಮಾಡುತ್ತಿದ್ದರು. ರಟ್ಟು ಎಣ್ಣೆ ಕುಡಿದು ಹಿಗ್ಗುತ್ತಿತ್ತು, ತೂತು ಸೊಟ್ಟಗಾಗುತ್ತಿತ್ತು, ಹಾಕಿದ ಚಕ್ರ ವಾಪಸು ಬರುತ್ತಿತ್ತು. ಭಾಬಿ ಮಹಡಿ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಾಗ ತೆಗೆದ ಎಕ್ಸ್‌ರೇಯನ್ನು ನೋಡಿ, ಇದು ಎಣ್ಣೆ ಕುಡಿಯುವುದಿಲ್ಲವಲ್ಲ ಎಂದು ಅವರಿಗೇ ಹೊಳೆಯಿತು. ಕೈ ವಾಸಿಯಾದ ಮೇಲೆ ಅದರಲ್ಲೇ ಮೊದಲನೇ ಹಾಳೆ ಕತ್ತರಿಸಿದರು. ಆಮೇಲಿನ ನಲವತ್ತೆರಡೂ ಅವರದೇ. ಉಸ್ತಾದರು ಹುಡುಕುವವರು, ಹೊಂದಿಸುವವರು. ಅಳತೆ ಹೆಂಡತಿಯದು. ನಲವತ್ತು ವರ್ಷ ಗಂಡನಿಗೆ ಉಸ್ತಾದ್ ಎಂಬ ಹೆಸರು ಬರುವುದನ್ನು ಮಹಡಿಯ ಮೇಲಿಂದ ಕೇಳಿಸಿಕೊಂಡು ಕೂತಿದ್ದರು ಈ ಹೆಂಗಸು.

"ನಿಮಗೆ ಹೊಟ್ಟೆಕಿಚ್ಚು ಆಗ್ಲಿಲ್ವಾ?" ಎಂದೆ.

"ಆಗ್ತಿತ್ತು," ಎಂದರು. "ಖಿಚಡಿಗೆ ಉಪ್ಪು ಜಾಸ್ತಿ ಹಾಕ್ತಿದ್ದೆ. ನೀನೂ ತಿಂದಿದೀಯ."

ಮೂರು ರಿಮ್ಮು ಸಿಕ್ಕಿ ಎರಡು ತಿಂಗಳಾಗಿತ್ತಂತೆ. ಮೂರೂ ಅಂಗಡಿಗಳ ಮುಂದಿನ ನೋ ಪಾರ್ಕಿಂಗ್ ಕಂಬಗಳ ಬುಡದಲ್ಲಿ ಸಿಕ್ಕಿದ್ದಂತೆ. ಫ್ರೇಜರ್ ಟೌನು, ಹಲಸೂರು, ದೊಮ್ಮಲೂರಿನ ಬೀದಿಗಳಲ್ಲಿ ತಲೆ ಬಗ್ಗಿಸಿಕೊಂಡು ನಡೆದು, ಹೊಸ ಕಂಬ ಮಾಡಿಸಿಕೊಟ್ಟು ಹಳೇ ರಿಮ್ಮು ಬಿಡಿಸಿಕೊಂಡಿದ್ದರು. ಇಷ್ಟು ಕೇಳಿಯೂ ನನ್ನ ತಲೆಗೆ ಹತ್ತಲಿಲ್ಲ ನೋಡಿ.

"ನಾಲ್ಕನೇದು ಯಾರ ಹತ್ರ ಇದೆ ಹೇಳಿ ಭಾಬಿ. ನಾನು ಹೋಗಿ ಅವನ ಕಾಲಾದ್ರೂ ಹಿಡಿದು ತರ್ತೀನಿ."

 ಭಾಬಿ ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟರು. "ನಾಳೆ ಅಂಗಡಿ ತೆಗೆದಾಗ, ಬೋರ್ಡು ಹೊರಗಿಡೋಕ್ ಮುಂಚೆ, ಬಗ್ಗಿ ನೋಡು," ಎಂದರು.

ನಾಳೆಯವರೆಗೆ ಯಾರು ಕಾಯುತ್ತಾರೆ? ಆಗಲೇ ಹೋದೆ. ಕಂಬ ಬೆಳಗ್ಗೆ ಬಿಟ್ಟಲ್ಲೇ ನಿಂತಿತ್ತು, ನೆತ್ತಿಯ ಮೇಲೆ ನನ್ನ ಹೆಸರು. ಮಲಗಿಸಿ, ಪ್ಲೇಟಿನ ಬೋಲ್ಟು ಬಿಚ್ಚಿ, ರಿಮ್ಮಿನ ಮೇಲೆ ಹಾಳೆ ಹಾಸಿದೆ. ತೂತಿಗೆ ತೂತು ಕೂತಿತು. ಆಸಿಮ್ ಯಾಕೆ ನಕ್ಕಿದ್ದನೆಂದು ಈಗ ತಿಳಿಯಿತು, ಇಡೀ ಗಲ್ಲಿಗೆ ಗೊತ್ತಿತ್ತು. ಮೂರು ವರ್ಷ, ದಿನಾ ಬೆಳಗ್ಗೆ ನಾನೇ ಎತ್ತಿ ಹೊರಗಿಡುತ್ತಿದ್ದೆ, ಸಾಯಂಕಾಲ ನಾನೇ ಒಳಗಿಡುತ್ತಿದ್ದೆ. ಗುಜರಿಯಲ್ಲೆಲ್ಲ ನಾನು ಹಲ್ಲು ಕಡಿಯುತ್ತಾ ಹುಡುಕಿದ, ಭಾಬಿ ತಿಂಗಳುಗಟ್ಟಲೆ ಕಾದ ಆ ಒಬ್ಬ ಮನುಷ್ಯ ನಾನೇ.

ಸೋಮವಾರ ರಿಮ್ಮನ್ನು ಹೆಗಲ ಮೇಲೆ ಹೊತ್ತುಕೊಂಡು ಶಿವಾಜಿನಗರಕ್ಕೆ ಹೋದೆ. ಭಾಬಿ ಸ್ಟೂಲಿನ ಮೇಲಿದ್ದರು. ಕಾಲ ಬಳಿ ಇಟ್ಟು ನಿಂತೆ.

"ನಿಮಗೆ ಮೊದಲಿಂದ್ಲೂ ಗೊತ್ತಿತ್ತು. ಕೇಳ್ಬಹುದಿತ್ತಲ್ಲ ಭಾಬಿ."

"ಮೊದಲನೇ ಹಾಳೆ ಕತ್ತರಿಸಿದ್ದೇ ಆ ರಿಮ್ಮಿನ ಮೇಲಿಟ್ಟು. ಗೊತ್ತಿಲ್ದೆ ಇರುತ್ತಾ?" ಎಂದರು. "ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ," ಎಂದೆ.

"ಅದಕ್ಕೆ," ಎಂದರು ಭಾಬಿ, ಮತ್ತೆ ಕೆಲಸಕ್ಕೆ ತಿರುಗಿದರು.

ಮೋರಿಸ್ ಕಾರಿಗೆ ನಾಲ್ಕು ಚಕ್ರವನ್ನೂ ನಾನೇ ಹಾಕಿದೆ, ಅವರು ಪಕ್ಕದಲ್ಲಿ ಕೂತು ನೋಡಿದರು. ಹದಿನಾರು ನಟ್ಟೂ ಕೊನೇವರೆಗೂ ಬೆರಳಲ್ಲೇ ಹೋದವು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಶಾಲು ಹೊದಿಸುವ ದಿನ ಅದು ನನ್ನ ಜೊತೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತದೆ. ಚಪ್ಪಾಳೆಯನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ತಟ್ಟುತ್ತೇನೆ.

ವಸಂತ್ ಸಾರ್, ಮೂರು ಪುಟ ಮೀರಿದೆ. ಜಾಗವಿಲ್ಲದಿದ್ದರೆ ಏನನ್ನಾದರೂ ಕತ್ತರಿಸಿಕೊಳ್ಳಿ, ಆ ಭಾನುವಾರವನ್ನು ಬಿಟ್ಟು. ನನ್ನ ಬೋರ್ಡು ಈಗ ಗೋಡೆಗೆ ಒರಗಿಕೊಂಡಿದೆ, ಜೋರು ಗಾಳಿಗೆ ಬೀಳುತ್ತದೆ. ಮಾನಮ್ಮ ಹೊಸ ಕಂಬ ಮಾಡಿಸಿ ಎನ್ನುತ್ತಾಳೆ. ಹಳೇದು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ, ಅದು ನನ್ನದಾಗಿರಲಿಲ್ಲ, ವಾಪಸು ಕೊಟ್ಟೆ ಎನ್ನುತ್ತೇನೆ.